ಮಿಸ್ ಡೊರಿನ್ ತಟ್ಟಿದ ಮೂರು ಚಪ್ಪಾಳೆ

ಟೊಲೀಡೊದಲ್ಲಿ ನನ್ನದೊಂದು ರೆಕಾರ್ಡ್ ಅಂಗಡಿ. ಪವರ್ ಪಾಪ್ ಸಂಗೀತ ಸತ್ತುಹೋಯಿತು ಎನ್ನುವ ಗಿರಾಕಿಗೆ ನಾನು ಬಾಗಿಲು ತೋರಿಸುತ್ತೇನೆ. ಜೋರು ಗಿಟಾರು, ಸಿಹಿ ರಾಗ, ಮೂರೇ ನಿಮಿಷ, ಪಲ್ಲವಿಗೆ ಚಪ್ಪಾಳೆ. ಅದೇಕೆ ಸಾಯಬೇಕು? ಕೇಳಲೇಬೇಕಾದ ಹೊಸ ಆಲ್ಬಂ ಯಾವುದು ಅಂತ ಕೇಳಿ, ಈ ವರ್ಷದ ಮೂರನ್ನು ತೆಗೆದು ಮುಂದಿಡುತ್ತೇನೆ. ಮೂರೂ ನಮ್ಮೂರಿನ ಹುಡುಗ ಕೋಲ್ಬಿ ಮತ್ತವನ ಗೆಳೆಯರವು. ಮೂರರಲ್ಲೂ ಚಪ್ಪಾಳೆ ಡೊರಿನ್ ಸ್ಟಾಸಿಯಾಕ್ ಅವರದು. ಅವರ ಹೆಸರು ಮಾತ್ರ ಒಂದು ಕವರಿನ ಮೇಲೂ ಅಚ್ಚಾಗಲಿಲ್ಲ.

ಡೊರಿನ್ ಮೂವತ್ತೊಂದು ವರ್ಷ ಇಲ್ಲಿನ ಶಾಲೆಯ ಅಡುಗೆಮನೆಯಲ್ಲಿ ದುಡಿದವರು. ಮಧ್ಯಾಹ್ನ ನಾನೂರು ಮಕ್ಕಳು ಊಟದ ಮನೆಯನ್ನೇ ಎತ್ತಿ ಬಿಸಾಡುವಂತೆ ಗಲಾಟೆ ಮಾಡುವಾಗ ಹೊರಗೆ ಬಂದು ನಿಧಾನಕ್ಕೆ ಮೂರು ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟೇ, ಪಿಟಕ್ಕೆನ್ನುವವರಿಲ್ಲ. ನಿವೃತ್ತಿಯ ದಿನ ತಂದ ಕೇಕಿನ ಮೇಲೆ ಅವರ ಮನೆತನದ ಹೆಸರು ತಪ್ಪಾಗಿತ್ತು. ಅವರು ಒಂದು ತುಂಡೂ ಮುಟ್ಟಲಿಲ್ಲ. ನಾನಾಗಿದ್ದರೆ ಅದನ್ನು ಯಾರದಾದರೂ ಮುಖಕ್ಕೆ ಮೆತ್ತುತ್ತಿದ್ದೆ.

ಮೂರನೆಯ ಆಲ್ಬಂ ಬಿಡುಗಡೆ ನನ್ನ ಅಂಗಡಿಯಲ್ಲೇ, ಶನಿವಾರ ಮಧ್ಯಾಹ್ನ. ಡೊರಿನ್ ಕನ್ನಡಕ ಏರಿಸಿಕೊಂಡು ಕವರಿನ ಹಿಂಬದಿ ಪೂರ್ತಿ ಓದಿದರು.

"ಕೋಲ್ಬಿ, ನಿನ್ನ ನಾಯಿ ಹೆಸರು ಹಾಕಿದ್ದೀಯ. ನನ್ನದೆಲ್ಲೋ?"

"ಮುಂದಿನ ಸಲ ಖಂಡಿತ, ಮಿಸ್ ಡೊರಿನ್."

"ಹೋದ ಸಲಾನೂ ಇದೇ ರಾಗ ಹಾಡಿದ್ದೆ."

"ಬೇಜಾರು ಮಾಡ್ಕೋಬೇಡಿ, ಚಪ್ಪಾಳೆ ಏನು ವಾದ್ಯನಾ? ಯಾರು ಬೇಕಾದ್ರೂ ತಟ್ಟಬಹುದಲ್ವಾ?"

"ಓಹೋ! ಯಾರು ಬೇಕಾದ್ರೂ?" ಎಂದು ಡೊರಿನ್ ಮುಂದಿನ ಸಾಲಿನ ಕುರ್ಚಿ ಎಳೆದುಕೊಂಡು ಕುಳಿತರು. ನನಗೆ ಮೈಯೆಲ್ಲ ಉರಿಯಿತು. ಉಂಡ ಮನೆಯ ಗಳ ಎಣಿಸುವವನೇ!

ಅರವತ್ತು ಜನ ಸೇರಿದ್ದರು. ಬಹುಪಾಲು ಡೊರಿನ್ ಕೈಯ ಮೆಕರೋನಿ ತಿಂದು ಬೆಳೆದವರೇ, ಈಗ ಗಡ್ಡ ಬಿಟ್ಟಿದ್ದಾರೆ, ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡಿದ್ದಾರೆ. ಕೋಲ್ಬಿಯ ತಂಡದ ಹಾಡು ಶುರುವಾಯಿತು. ಪಲ್ಲವಿ ಬಂತು. ಡೊರಿನ್ ಎದ್ದು ನಿಂತರು. ತಾಳಕ್ಕಲ್ಲ, ಊಟದ ಮನೆಯಲ್ಲಿ ತಟ್ಟುತ್ತಿದ್ದ ಹಾಗೆ, ನಿಧಾನಕ್ಕೆ, ಮೂರು.

ಗಿಟಾರು ನಿಂತಿತು. ಡ್ರಮ್ಮಿನವನ ಕೋಲು ಮೇಲೆಯೇ ಉಳಿಯಿತು. ಒಬ್ಬಾತ ಬಾಯಲ್ಲಿದ್ದ ಚೂಯಿಂಗ್ ಗಮ್ ಗಬಕ್ಕನೆ ನುಂಗಿದ. ಕೋಲ್ಬಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನೆಟ್ಟಗೆ ನಿಂತಿದ್ದ, ಹಾಗೆ ನಿಂತದ್ದು ಅವನಿಗೇ ಗೊತ್ತಿರಲಿಲ್ಲ.

"ಯಾರು ಬೇಕಾದ್ರೂ ತಟ್ಟಬಹುದು ಅಂದ್ಯಲ್ಲ," ಎಂದರು ಡೊರಿನ್. "ಈಗ ಇವರು ಮಾತಾಡ್ಲಿ. ಆಮೇಲೆ ನೀನು ತಟ್ಟಿ ಸುಮ್ಮನಿರಿಸು, ನೋಡೋಣ."

ಜನ ಹೋ ಎಂದರು. ಕೋಲ್ಬಿ ತಟ್ಟಿದ. ಗದ್ದಲ ಇನ್ನೂ ಏರಿತು. ಮತ್ತೆ ತಟ್ಟಿದ. ಹಿಂದಿನಿಂದ ಯಾರೋ, "ಊಟ ಆಯ್ತೇನೋ ಕೋಲ್ಬಿ?" ಎಂದು ಕೂಗಿದರು. ಅವನ ಕಿವಿ ಕೆಂಪೇರಿತು.

ಕೊರಳಿನ ಗಿಟಾರು ಕೆಳಗಿಟ್ಟು ಬಂದು ನನ್ನ ಹತ್ತಿರ ಪೆನ್ನು ಕೇಳಿದ. ದಪ್ಪನೆಯದನ್ನೇ ಹುಡುಕಿ ಕೊಟ್ಟೆ. ಮೇಜಿನ ಮೇಲಿದ್ದ ಇನ್ನೂರು ಕವರುಗಳ ಮುಂದೆ ಮಂಡಿಯೂರಿ ಮೊದಲನೆಯದರ ಮೇಲೆ ಬರೆದ: ಚಪ್ಪಾಳೆ, ಡೊರಿನ್ ಸ್ಟಾಸಿಕ್.

ಡೊರಿನ್ ಬಗ್ಗಿ ನೋಡಿದರು.

"ನನ್ನ ಹೆಸರಿನ 'ಯಾ' ಎಲ್ಲೋ? ಕೇಕಿನ ಮೇಲೂ ಅದನ್ನೇ ನುಂಗಿದ್ರು. ಸರಿಯಾಗಿ ಬರಿ. ಇನ್ನೂರಕ್ಕೂ ನಾನಿಲ್ಲೇ ನಿಂತಿರ್ತೀನಿ."