ನೋಡಲು ತಿಳಿಸಿದೆನೇ ಹೊರತು

ದೊಡ್ಡನೆಕ್ಕುಂದಿಯ ಪಂಪು ಕಾರ್ಖಾನೆಗೆ ಮೊದಲ ಕಂಪ್ಯೂಟರ್ ಬಂದಾಗ ಧೈರ್ಯವಾಗಿ ಅದರ ಮುಂದೆ ಕೂತವನು ಹಲಸೂರಿನ ಪ್ರೇಮ್‌ಕುಮಾರ್ ಒಬ್ಬನೇ. ಸ್ಟೋರ್ಸಿನಲ್ಲಿ ಯಾವ ಸಾಮಾನು ಎಲ್ಲಿದೆ ಎಂದು ತೋರಿಸುವ ಪ್ರೋಗ್ರಾಂ ಬರೆದವನೂ ಅವನೇ. ಅಲ್ಲಿ ಗುಮಾಸ್ತೆಯಾಗಿದ್ದ ಯಮುನಾಳಿಗೆ ಅದನ್ನು ಕಲಿಸುವಾಗ, "ಗಟ್ಟಿಯಾಗಿ ಒತ್ತು ತಾಯಿ, ಅದೇನು ಕಚ್ಚಲ್ಲ" ಎಂದು ನಗಿಸುತ್ತಿದ್ದ.

2003ರಲ್ಲಿ ಹೊಸ ಮ್ಯಾನೇಜರ್ ಜೊತೆ ಜಗಳವಾಡಿ ಕೆಲಸ ಬಿಟ್ಟ. ಮರ್ಫಿ ಟೌನಿನಲ್ಲಿ ಕಂಪ್ಯೂಟರ್ ಕ್ಲಾಸು ತೆರೆದ. ಕಾರ್ಖಾನೆಯಲ್ಲಿ ಅವನ ಪಾಸ್‌ವರ್ಡನ್ನು ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮರುವರ್ಷ ಒಂದು ಸಂಜೆ ಸ್ಟೋರ್ಸಿನ ಪಟ್ಟಿ ತೆರೆದುಕೊಳ್ಳಲಿಲ್ಲ. ಬೆಳಿಗ್ಗೆ ಎರಡು ಲಾರಿಗೆ ಮಾಲು ತುಂಬಬೇಕಿತ್ತು. ಯಮುನಾ ಅವನಿಗೆ ಫೋನ್ ಮಾಡಿದಳು.

"ಗುರು, ಒಂಚೂರು ನೋಡ್ಬಿಡು."

"ನಾನು ಬಿಟ್ರೂ ನಿನ್ನ ಸ್ಟೋರ್ಸು ನನ್ನ ಬಿಡಲ್ವಲ್ಲ! ಫೋನ್ ಇಡು, ಲೈನ್ ಬೇಕು."

ಆ ಕಾರ್ಖಾನೆಯಲ್ಲಿ 'ನೋಡ್ಬಿಡು' ಎಂದರೆ ಸರಿಮಾಡು ಎಂದೇ ಅರ್ಥ. ಕ್ಯಾಂಟೀನಿನ ನಲ್ಲಿ ಸೋರಿದರೂ ಅದೇ ಮಾತು, ಲೇತು ಕೆಟ್ಟರೂ ಅದೇ. ಪ್ರೇಮ್ ತನ್ನ ಕ್ಲಾಸಿನಿಂದಲೇ ಟೆಲಿಫೋನ್ ಲೈನಿನ ಮೂಲಕ ಕಾರ್ಖಾನೆಯ ಕಂಪ್ಯೂಟರಿನ ಒಳಹೊಕ್ಕು ಹತ್ತು ನಿಮಿಷದಲ್ಲಿ ಪಟ್ಟಿ ಸರಿಮಾಡಿದ. ತನ್ನ ಸ್ವಂತ ಹೆಸರಿನಲ್ಲೇ ಹೋಗಿದ್ದ, ಮುಚ್ಚಿಡುವಂಥದ್ದು ಏನಿತ್ತು?

ಆ ಹೆಸರು ಮ್ಯಾನೇಜರ್ ಕಣ್ಣಿಗೆ ಬಿತ್ತು. ವಾರದೊಳಗೆ ಪೊಲೀಸರು ಬಂದರು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗಿ ಅದರಲ್ಲಿದ್ದುದನ್ನು ಬದಲಾಯಿಸಿದರೆ ಅದು ಹ್ಯಾಕಿಂಗ್, ಮೂರು ವರ್ಷದವರೆಗೆ ಜೈಲಾಗಬಹುದು ಎಂದು ಡಿವೈಎಸ್‌ಪಿ ವಿವರಿಸಿದರು.

"ಒಳಗೆ ಹೋಗು ಅಂತ ನೀವು ಹೇಳಿದ್ರೇನಮ್ಮ?"

ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು. ಕೆಲಸ ಹೋಗುತ್ತದೆ ಎಂಬುದೊಂದೇ ಯಮುನಾಳ ತಲೆಯಲ್ಲಿ ಇದ್ದದ್ದು.

"ನೋಡು ಅಂದೆ ಸಾರ್. ಅಷ್ಟೇ."

ಡಿವೈಎಸ್‌ಪಿ ಬರೆದುಕೊಂಡು ಓದಿದರು: "ನೋಡಲು ತಿಳಿಸಿದೆನೇ ಹೊರತು ಪ್ರವೇಶಿಸಲು ಅನುಮತಿ ನೀಡಿರುವುದಿಲ್ಲ." ಯಮುನಾ ಅದನ್ನು ತಿದ್ದಲು ಹೋಗಲಿಲ್ಲ.

ಆಮೇಲೆ ನಾಲ್ಕು ವರ್ಷ ಕೇಸು ಎಳೆಯಿತು. "ಹ್ಯಾಕರ್ ಹತ್ರ ಏನ್ ಕಲೀತಾರೆ" ಎಂದು ಜನ ಮಕ್ಕಳನ್ನು ಬಿಡಿಸಿಕೊಂಡರು, ಕ್ಲಾಸು ಮುಚ್ಚಿತು. ಒಮ್ಮೆ ಬಸ್ಸಿನಲ್ಲಿ ಎದುರಾದ ಪ್ರೇಮ್, "ಏನ್ ತಾಯಿ, ಲಾರಿ ಟೈಮಿಗೆ ಹೋಯ್ತಾ ಅವತ್ತು?" ಎಂದು ಕೇಳಿದ. ಅಣಕವೋ ಅಕ್ಕರೆಯೋ ತಿಳಿಯದೆ ಅವಳು ಎರಡು ಸ್ಟಾಪ್ ಮೊದಲೇ ಇಳಿದುಬಿಟ್ಟಳು. ದಿನವೂ ಪ್ರಿಂಟರಿನಿಂದ ಬರುವ ಪಟ್ಟಿಯ ಪ್ರತಿ ಪುಟದ ಕೆಳಗೆ 'ತಯಾರಿಸಿದವರು: ಪ್ರೇಮ್‌ಕುಮಾರ್' ಎಂದಿರುತ್ತಿತ್ತು. ಅದನ್ನು ಅಳಿಸುವುದು ಯಾರಿಗೂ ಗೊತ್ತಿರಲಿಲ್ಲ.

ಸಾಕ್ಷಿ ಹೇಳಲು ಸಮನ್ಸ್ ಬಂದಾಗ ಅವಳು ಗಟ್ಟಿ ಮನಸ್ಸು ಮಾಡಿದಳು: ಕೆಲಸ ಹೋದರೆ ಹೋಗಲಿ, ನಾನೇ ಕರೆದೆ ಎಂದು ಹೇಳಿಬಿಡುತ್ತೇನೆ. ವಿಚಾರಣೆಗೆ ಮೂರು ವಾರವಿದ್ದಾಗ ಪ್ರೇಮ್ ಎದೆನೋವಿನಿಂದ ಸತ್ತ. ಮೂವತ್ತಾರು ವಯಸ್ಸು.

ಆದರೂ ಅವಳು ಕೋರ್ಟಿಗೆ ಹೋದಳು. ಸರ್ಕಾರಿ ವಕೀಲರು ಫೈಲಿನಿಂದ ಕಣ್ಣೆತ್ತಲಿಲ್ಲ.

"ಆರೋಪಿ ಸತ್ತಮೇಲೆ ಕೇಸೇ ಇಲ್ಲಮ್ಮ. ಹೊರಡಿ ನೀವು."

"ನಾನು ಹೇಳ್ಬೇಕಿತ್ತು ಸಾರ್."

"ಯಾರಿಗೆ ಹೇಳ್ತೀರಾ?"

ಅಲ್ಲಿಂದ ನೇರವಾಗಿ ಹಲಸೂರಿಗೆ ಹೋದಳು. ಪ್ರೇಮ್‌ನ ತಾಯಿ ಅಕ್ಕಯಮ್ಮ ಹೊಸಿಲ ಬಳಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಯಮುನಾ ಫೋನ್ ಮಾಡಿದ್ದನ್ನೂ ಪೊಲೀಸರ ಮುಂದೆ ನುಂಗಿಕೊಂಡದ್ದನ್ನೂ ಒಂದೇ ಉಸಿರಿಗೆ ಹೇಳಿದಳು. ಬೈಗುಳಕ್ಕೆ ಕಾದಳು.

ಅಕ್ಕಯಮ್ಮನ ಕೈ ನಿಂತಿತು.

"ಹಂಗಾದ್ರೆ ಅವ್ನು ಏನೂ ಕದ್ದಿರ್ಲಿಲ್ವಾ?"

"ಇಲ್ಲ, ಅಮ್ಮ."

ಅವರು ಕೈಯಲ್ಲಿದ್ದ ಕಾಯನ್ನು ಬಿಡಿಸದೆಯೇ ಪಕ್ಕಕ್ಕಿಟ್ಟರು.

"ನಾನೂ ಕೇಳ್ಬಿಟ್ಟಿದ್ದೆ ಕಣಮ್ಮ, ಏನ್ ಕದ್ಯೋ ಅಂತ. ಆವತ್ತಿಂದ ಒಬ್ನೇ ಕೂತು ಊಟ ಮಾಡ್ತಿದ್ದ."