ಅಕ್ಕನಿಲ್ಲದ ಪುಸ್ತಕ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುವಾಕೆ ತನ್ನ ಬದುಕಿನ ಕಥೆ ಬರೆದು ಪುಸ್ತಕ ಮಾಡಿಸಿದಳು. ಬರೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟ ಶುರುವಾದದ್ದು ಅಚ್ಚಾದ ಮೇಲೆ. ಪುಸ್ತಕದ ಕಟ್ಟುಗಳು ಮನೆಗೆ ಬಂದು ಮಂಚದ ಕೆಳಗೆ ಸೇರಿದವು, ಆಮೇಲೆ ಮೇಲೇಳಲೇ ಇಲ್ಲ.

"ಅಚ್ಚು ಹಾಕೋದು ನನ್ನ ಕೆಲಸ. ಪ್ರಚಾರ ನೀವೇ ಮಾಡ್ಕೋಬೇಕಮ್ಮ," ಎಂದುಬಿಟ್ಟರು ಪ್ರಕಾಶಕರು.

ಆಕೆ ಮಾಡದ್ದೇನಿಲ್ಲ. ಬಿಡುಗಡೆ ಇಟ್ಟುಕೊಂಡಳು, ಬಂದವರು ಕಾಫಿ ಕುಡಿದು, ಚಪ್ಪಾಳೆ ತಟ್ಟಿ ಬರಿಗೈಲಿ ಹೋದರು. ಮುಖಪುಟದ ಫೋಟೊವನ್ನು ಫೋನಿನ ಎಲ್ಲ ಗುಂಪುಗಳಿಗೂ ಹಾಕಿದಳು. ಮೆಚ್ಚುಗೆಯ ಹೆಬ್ಬೆರಳುಗಳು ರಾಶಿ ಬಿದ್ದವು, ಪುಸ್ತಕ ಎಲ್ಲಿ ಸಿಗುತ್ತದೆಂದು ಒಬ್ಬರೂ ಕೇಳಲಿಲ್ಲ. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೊಂದು ಪ್ರತಿ ಇಟ್ಟಳು. ಅಲ್ಲಿ ಕೂರುವವರು ಮುರಿದ ಕೈಯವರು, ಪುಟ ತಿರುಗಿಸುವುದು ಹೇಗೆ? ಡಾಕ್ಟರು "ಖಂಡಿತ ಓದ್ತೀನಿ" ಎಂದು ತೆಗೆದುಕೊಂಡು ಅದರ ಮೇಲೆ ಟೀ ಲೋಟ ಇಡತೊಡಗಿದರು. ಆಕೆ ನಿಜಕ್ಕೂ ಸೊರಗಿಹೋದಳು. ಹೊಗಳುವುದು ಹಾಗಿರಲಿ, ಯಾರಾದರೂ ಓದಿದ್ದರೆ ಸಾಕಿತ್ತು.

ಓದಿದವಳು ಒಬ್ಬಳೇ, ಅಕ್ಕ. ಓದಿ ಮುಗಿಸಿದ ದಿನವೇ ಮಾತು ಬಿಟ್ಟಳು.

ಅಕ್ಕನದು ಎರಡು ಬೀದಿ ಆಚೆ ಬ್ಯೂಟಿ ಪಾರ್ಲರ್. ಕೋಪ ಮೂಗಿನ ತುದಿಯಲ್ಲೇ ಇದ್ದರೂ ತಾಯಿಯಿಲ್ಲದ ತಂಗಿಯನ್ನು ಕಣ್ಣರೆಪ್ಪೆಯಂತೆ ಕಾಪಾಡಿದವಳು. ಪುಸ್ತಕದಲ್ಲಿ ತೀರಿಹೋದ ಅಮ್ಮ ಇದ್ದಳು, ಗಂಡ ಇದ್ದ, ಆಸ್ಪತ್ರೆಯ ಕಾವಲುಗಾರ ಇದ್ದ, ಅವನ ಹಿಂದೆ ಸುತ್ತುವ ನಾಯಿಯೂ ಇತ್ತು. ಅಕ್ಕ ಮಾತ್ರ ಇರಲಿಲ್ಲ. ವಾರವಾರ ಬಂದು ಅಡುಗೆಮನೆಯಲ್ಲಿ ತಪ್ಪು ಹುಡುಕಿ ಹೋಗುತ್ತಿದ್ದವಳು ಈಗ ಫೋನನ್ನೂ ಎತ್ತುತ್ತಿರಲಿಲ್ಲ. ಬೈಯುವವರಿಲ್ಲದೆ ತಂಗಿಗೆ ಮನೆ ಬಿಕೋ ಎನ್ನುತ್ತಿತ್ತು.

ಅಷ್ಟರಲ್ಲಿ ಪುಸ್ತಕ ಖರ್ಚಾಗತೊಡಗಿತು. ಪುಸ್ತಕದಂಗಡಿಯವರು ಇನ್ನೊಂದು ಕಟ್ಟು ಕಳಿಸಿ ಎಂದರು, ಮತ್ತೊಂದು ಎಂದರು. ಮಂಚದ ಕೆಳಗೆ ಪೊರಕೆ ಆಡುವಷ್ಟು ಜಾಗವಾಯಿತು. ಏಕೆಂದು ಯಾರಿಗೂ ತಿಳಿಯದು. ಒಂದು ದಿನ ಮಂಡಿನೋವಿನ ಹೆಂಗಸೊಬ್ಬಳು ಎಕ್ಸ್‌ರೇ ಮೇಜಿನ ಮೇಲೆ ಮಲಗಿಕೊಂಡೇ ಕೇಳಿದಳು:

"ಪುಸ್ತಕ ಬರೆದೋರು ನೀವೇನಾ? ಎರಡು ಸಲ ಓದಿದೆ ಕಣ್ರೀ. ನಿಮ್ಮಕ್ಕ ಎಲ್ಲೂ ಸಿಗಲೇ ಇಲ್ವಲ್ಲ!"

"ಅಕ್ಕ ಗೊತ್ತಾ ನಿಮಗೆ?"

"ಗೊತ್ತಿಲ್ದೆ ಏನು? ಐಬ್ರೋ ಮಾಡ್ತಾ ಎಲ್ಲರಿಗೂ ಅದೇ ಕಥೆ. 'ಸಾಕಿ ಬೆಳೆಸಿದ್ದು ನಾನು, ನಾಯಿಗಿರೋ ಜಾಗ ನನಗಿಲ್ಲ. ಸುಳ್ಳು ಅನ್ಸಿದ್ರೆ ನೀವೇ ಓದಿ, ಹುಡುಕಿ ತೋರಿಸಿ' ಅಂತಾರೆ."

ಹುಬ್ಬಿನ ಮೇಲೆ ದಾರ ಆಡುತ್ತಿರುವಾಗ ತಲೆ ಅಲ್ಲಾಡಿಸುವಂತಿಲ್ಲ, ಎದ್ದು ಹೋಗುವಂತಿಲ್ಲ. ಹೇಳಿದ್ದನ್ನು ಕೇಳಲೇಬೇಕು. ಇಂಥ ಪ್ರಚಾರ ಯಾವ ಲೇಖಕನ ಹಣೆಯಲ್ಲಿ ಬರೆದಿದೆ? ತಂಗಿಗೆ ಮೊದಲು ನಗು ಬಂತು. ಆಮೇಲೆ ಅಕ್ಕನಿಗೆ ಫೋನ್ ಹಚ್ಚಿದಳು, ಅವಳು ಎತ್ತಲಿಲ್ಲ.

ಸಂಜೆ ಪ್ರಕಾಶಕರ ಫೋನು. "ಎರಡನೇ ಮುದ್ರಣಕ್ಕೆ ಹೋಗ್ತಿದೀನಿ. ಪಾರ್ಲರ್ ಕಥೆ ನನ್ನ ಕಿವಿಗೂ ಬಿತ್ತು, ಒಂದಕ್ಷರ ಮುಟ್ಟಬೇಡಿ! ಅಕ್ಕ ಸಿಗದೇ ಇರೋದ್ರಿಂದಲೇ ಪುಸ್ತಕ ಓಡ್ತಿರೋದು. ಅವರ ಕೋಪ ಇನ್ನೊಂದಿಷ್ಟು ದಿನ ಹಾಗೇ ಇರ್ಲಿ."

ಆ ಮಾತು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಓದುಗರು ಬೇಕೆಂದು ಹಂಬಲಿಸಿದವಳೂ ತಾನೇ ಅಲ್ಲವೇ? ಮರುದಿನ ಡ್ಯೂಟಿ ಮುಗಿಸಿ ನೆಟ್ಟಗೆ ಪಾರ್ಲರಿಗೆ ಹೋಗಿ ಕುರ್ಚಿಯಲ್ಲಿ ಕೂತಳು.

"ಏನ್ ಮಾಡ್ಬೇಕು ಮೇಡಂ?" ಎಂದಳು ಅಕ್ಕ, ಕನ್ನಡಿಯ ಕಡೆ ನೋಡಿಕೊಂಡು.

"ಐಬ್ರೋ."

ಅಕ್ಕ ದಾರ ಬೆರಳಿಗೆ ಸುತ್ತಿ, ಬೇಕಾದ್ದಕ್ಕಿಂತ ಜೋರಾಗಿಯೇ ಎಳೆದಳು. ತಂಗಿಯ ಕಣ್ಣಲ್ಲಿ ನೀರು ತುಂಬಿತು.

"ನೋವಾಯ್ತಾ?"

"ಬರೆಯೋಕೆ ಕೂತಾಗ್ಲೂ ಹೀಗೇ ಆಗ್ತಿತ್ತಕ್ಕಾ. ಅಮ್ಮನ ವಿಷಯ ಸಲೀಸಾಗಿ ಬರೆದೆ, ಅವಳ ಮುಖಾನೇ ನೆನಪಿಲ್ಲ ನಂಗೆ. ನಿನ್ನ ವಿಷಯಕ್ಕೆ ಬಂದ್ರೆ ಅಳು. ನಾಳೆ ಬರೆದ್ರಾಯ್ತು, ನಾಡಿದ್ದು ಬರೆದ್ರಾಯ್ತು ಅಂತ ಮುಂದಕ್ಕೆ ಹಾಕಿ ಹಾಕಿ, ಪುಸ್ತಕಾನೇ ಮುಗಿದುಹೋಯ್ತು."

ಅಕ್ಕನ ಬೆರಳುಗಳು ನಿಂತವು.

"ಅಳ್ತಾನೇ ಬರೀಬೇಕಿತ್ತು ಕಣೇ. ನಾನು ನಿನ್ನ ಅಳ್ತಾನೇ ಬೆಳೆಸ್ಲಿಲ್ವಾ?"

ಒಂದು ಹುಬ್ಬು ಮುಗಿದು ಇನ್ನೊಂದು ಬಾಕಿಯಿರುವಾಗಲೇ ತಂಗಿ ಪ್ರಕಾಶಕರಿಗೆ ಫೋನ್ ಹಚ್ಚಿದಳು. "ಅಚ್ಚು ನಿಲ್ಲಿಸಿ ಸರ್. ಅಕ್ಕನ ಅಧ್ಯಾಯ ಸೇರಿಸ್ತೀನಿ."

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋತೀರಲ್ಲಮ್ಮ! ಆಮೇಲೆ ಯಾರು ಕೊಳ್ತಾರೆ?" ಎಂಬ ಕೂಗು ಪಾರ್ಲರಿಗೆಲ್ಲ ಕೇಳಿಸಿತು.

"ಕೊಳ್ಳದಿದ್ರೆ ಬೇಡ ಬಿಡಿ."

ಸರದಿಗೆ ಕಾಯುತ್ತಿದ್ದ ಹೆಂಗಸು, "ಅಯ್ಯೋ, ನಾನು ಇವತ್ತೇ ಆ ಪುಸ್ತಕ ತಗೊಳ್ಳೋಣ ಅಂತಿದ್ದೆ..." ಎಂದು ರಾಗ ಎಳೆದಳು.

ಅಕ್ಕ ಮುಂಗೈಯಿಂದ ಕಣ್ಣೊರೆಸಿಕೊಂಡಳು. "ಈಗ್ಲೇ ಬೇಡಮ್ಮ, ತಡೀರಿ," ಎಂದಳು. "ನಾನು ಅದ್ರೊಳಗೆ ಬಂದ್ಮೇಲೆ ತಗೊಳ್ಳಿ."