ಹಾಲಿಲ್ಲದ ಮನೆಯಲ್ಲಿ ಸೀದ ಹಾಲು

ಆ ಭಾನುವಾರ ಬೆಳಿಗ್ಗೆ ಎದ್ದು ಬಕೆಟ್ಟು, ಪೀಪಾಯಿ, ಕಡೆಗೆ ಕುಕ್ಕರಿನಲ್ಲೂ ನೀರು ತುಂಬಿಟ್ಟೆ. ಹಾಲಿನ ಗಾಡಿ ಬಂದಿರಲಿಲ್ಲ, ಕರೀ ಚಹಾ ಮಾಡಿದೆ. ಜೋಳ ಹಸನು ಮಾಡಿದೆ. ಮೆಣಸಿನಕಾಯಿ ಬಿಸಿಲಿಗೆ ಹಾಕಿದೆ. ಮೈದುನ ವಸಂತನ ಹೊಸ ಪ್ಯಾಂಟಿಗೆ ಗುಂಡಿ ಹಚ್ಚಿದೆ. ಮರುದಿನ ಅವನು ತುರ್ಭೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರುವವನಿದ್ದ. ಇಂಥ ದಿನದಲ್ಲಿ ವಿಚಿತ್ರ ನಡೆಯುವುದಕ್ಕೆ ಜಾಗವಾದರೂ ಎಲ್ಲಿ?

ನಾನು ಇಂಥದ್ದನ್ನೆಲ್ಲ ನಂಬುವವಳೂ ಅಲ್ಲ. ಮುಂಬ್ರಾದ ಸುರಂಗದಲ್ಲಿ ಲೋಕಲ್ ರೈಲು ನಿಂತಾಗ ಯಾರೋ ಹೆಸರು ಹಿಡಿದು ಕರೆದರು ಎಂದು ನೆರೆಯ ಹೆಂಗಸರು ಹೇಳಿದರೆ, ಟಿಕೆಟ್ ತಪಾಸಣೆಯವನಿರಬೇಕು ಎಂದು ನಗುತ್ತಿದ್ದೆ. ಈಗ ಆ ನಗು ಸ್ವಲ್ಪ ಕಡಿಮೆಯಾಗಿದೆ, ಅಷ್ಟೇ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಡೊಂಬಿವಲಿಯಲ್ಲಿ ನಾವು ಬಾಡಿಗೆಗಿದ್ದ ಕಟ್ಟಡದ ಪಂಪಿನ ಕೋಣೆಯಲ್ಲಿ, ನೆಲದಡಿ ಒಂದು ನೀರಿನ ಟಾಕಿ. ಎದೆಯುದ್ದ ಆಳ, ಒಬ್ಬ ಸಣಕಲ ಮನುಷ್ಯ ಇಳಿಯುವಷ್ಟು ಬಾಯಿ. ಅದು ಬಿರುಕು ಬಿಟ್ಟು ನೀರಿಗೆ ಮಣ್ಣಿನ ರುಚಿ ಬರುತ್ತಿತ್ತು. ಮಾಲೀಕರು ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆಗಾಲಕ್ಕೆ ಮೊದಲೇ ಟಾಕಿ ಬರಿದು ಮಾಡಿ, ಒಳಗೆಲ್ಲ ನೀರು ತಡೆಯುವ ಕಪ್ಪು ಬಣ್ಣ ಬಳಿಯೋಣವೆಂದು ಬಾಡಿಗೆದಾರರೇ ನಿಶ್ಚಯಿಸಿದರು. ಬಣ್ಣ ಗಟ್ಟಿಯಿತ್ತು, ಡಬ್ಬಿಗಟ್ಟಲೆ ಥಿನ್ನರ್ ಸುರಿದರು. ಆ ಭಾನುವಾರ, ಸಣಕಲನೆಂದು ವಸಂತನೇ ಇಳಿದ. ನೋಡಲು ಬಂದವರು ಒಬ್ಬೊಬ್ಬರಾಗಿ ಮೂಗು ಮುಚ್ಚಿಕೊಂಡು, ತಲೆ ಸಿಡಿಯುತ್ತದೆಂದು ಹಿಂತಿರುಗಿದರು.

ನನ್ನ ಮೂಗಿನ ಸುದ್ದಿ ಇಲ್ಲಿ ಹೇಳಬೇಕು. ಚಿಕ್ಕಂದಿನಲ್ಲಿ ಗದಗಿನಲ್ಲಿದ್ದಾಗ ಟೈಫಾಯ್ಡ್ ಬಂದು ಹೋದ ಮೇಲೆ ನನಗೆ ಮಲ್ಲಿಗೆಯೂ ಇಲ್ಲ, ಇಂಗೂ ಇಲ್ಲ. ವಾಸನೆ ಎಂಬುದೇ ಹೋಯಿತು. ಇದು ಕಟ್ಟಡಕ್ಕೆಲ್ಲ ಗೊತ್ತು.

“ಅಕ್ಕ, ನಿಮ್ಗೆ ಹೇಗೂ ವಾಸನೆ ಬರುದಿಲ್ವಲ್ಲ, ಇವನ ಹತ್ರ ನೀವೇ ಕೂತ್ಕೊಳ್ಳಿ ಮಾರಾಯ್ರೆ,” ಎಂದರು ಪಕ್ಕದ ಮನೆಯ ಶೆಟ್ಟರು.

ಟಾಕಿಯೊಳಗಿನಿಂದ ವಸಂತ, “ವೈನಿ, ನನಗಿಂತ ಒಂದಿನ ಮೊದ್ಲ ನಿಮ್ಮ ಮೂಗಿಗೆ ನೌಕ್ರಿ ಸಿಕ್ತು ನೋಡ್ರಿ,” ಎಂದ.

ನಾವೆಲ್ಲ ನಕ್ಕೆವು. ವಾಸನೆಯೇ ತೊಂದರೆ, ವಾಸನೆ ಬಾರದವರಿಗೆ ತೊಂದರೆಯಿಲ್ಲ ಎಂಬುದು ನಮ್ಮ ತಿಳುವಳಿಕೆ. ಮೂಗಿಗೆ ಗೊತ್ತಾಗಲಿ ಬಿಡಲಿ, ಉಸಿರಿನ ಜೊತೆ ಒಳಗೆ ಹೋಗುವುದು ಹೋಗಿಯೇ ಹೋಗುತ್ತದೆ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮಕ್ಕಳು ಒಳಗೆ ಬಾರದಿರಲೆಂದು ಬಾಗಿಲು ಎಳೆದುಕೊಂಡು, ಟಾಕಿಯ ಬಾಯಿಯ ಪಕ್ಕ ಮಣೆ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತ ಕೂತೆ. ವಸಂತ ಹಾಡಿಕೊಂಡು ಬಣ್ಣ ಬಳಿಯುತ್ತಿದ್ದ. ಅವನ ದನಿ ಟಾಕಿಯೊಳಗೆ ತಿರುಗಿ ತಿರುಗಿ ಮೇಲೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಹಗುರವಾಯಿತು. ಬೆಳ್ಳುಳ್ಳಿ ಕೈಯಲ್ಲೇ ಇತ್ತು, ಬೆರಳು ಓಡುತ್ತಿರಲಿಲ್ಲ. ಅದರ ಬಗ್ಗೆ ಚಿಂತೆಯೂ ಆಗಲಿಲ್ಲ. ಸುಖವಾಗಿತ್ತು ಎಂದೇ ಹೇಳಬೇಕು.

ಆಗ ಹಾಲು ಸೀದ ವಾಸನೆ ಬಂತು.

ತಳ ಹಿಡಿದ ಹಾಲಿನ ಆ ಕಮಟು, ಚಿಕ್ಕಂದಿನ ಮೇಲೆ ಮೊದಲ ಸಲ. ನನಗೆ ವಾಸನೆ ಬರುತ್ತಿದೆಯಲ್ಲ ಎಂದು ಆಶ್ಚರ್ಯ ಕೂಡ ಆಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆತು ಬಂದೆನಲ್ಲ ಎಂದಷ್ಟೇ ಅನಿಸಿ, ಎದ್ದು ಬಾಗಿಲು ದೂಡಿ ಹೊರಗೆ ಬಂದೆ. ಗಾಳಿ ಮುಖಕ್ಕೆ ಬಡಿದದ್ದೇ ವಾಸನೆ ಮಾಯ. ಅಂಗಳದ ನುಗ್ಗೆ ಮರ ಹಿಡಿದುಕೊಂಡೆ. ತಲೆ ನಿಧಾನಕ್ಕೆ ತಿಳಿಯಾಗುತ್ತ ಬಂದಾಗ ಎರಡು ಸಂಗತಿ ಒಟ್ಟಿಗೇ ಹೊಳೆದವು. ಇವತ್ತು ಮನೆಯಲ್ಲಿ ಹಾಲೇ ಇಲ್ಲ. ಮತ್ತೆ, ವಸಂತನ ಹಾಡು ನಿಂತಿದೆ. ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ.

ನಾನು ಕೂಗಿದ್ದಕ್ಕೆ ನಮ್ಮವರೂ ಶೆಟ್ಟರೂ ಓಡಿ ಬಂದರು. ವಸಂತ ಟಾಕಿಯ ಗೋಡೆಗೊರಗಿ ಕೂತಿದ್ದ. ಕೈಯಲ್ಲಿ ಬ್ರಶ್ಶು, ಕಣ್ಣು ಅರೆಮುಚ್ಚಿ, ಮುಖದಲ್ಲಿ ನಗು. ನಮ್ಮವರು ಹೆಸರು ಹಿಡಿದು ಗದರಿಸಿದಾಗ, ಸಾಲೆಯಲ್ಲಿ ಹಾಜರಿ ಹೇಳುವವನಂತೆ ಮೆಲ್ಲಗೆ ಒಂದು ಕೈ ಎತ್ತಿದ. ಇಬ್ಬರೂ ನೆಲಕ್ಕೆ ಬೋರಲಾಗಿ ಮಲಗಿ, ಆ ಕೈ ಹಿಡಿದು, ಇನ್ನೊಂದನ್ನೂ ಹುಡುಕಿ ಹಿಡಿದು, ಅವನನ್ನು ಮೇಲಕ್ಕೆಳೆದರು.

ಅಂಗಳದಲ್ಲಿ ಮಲಗಿಸಿದೆವು. ವಾಂತಿ ಮಾಡಿಕೊಂಡ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿ ಮೊದಲು ಆಡಿದ ಮಾತು ಇದು: “ವೈನಿ, ಹಾಲು ಸೀದಾವಲ್ರಿ.”

ಏನೋ ಬಡಬಡಿಸುತ್ತಾನೆ ಎಂದರು ನಮ್ಮವರು. ಆ ವಾಸನೆಯ ಸುದ್ದಿ ನಾನಿನ್ನೂ ಯಾರ ಮುಂದೂ ಎತ್ತಿರಲಿಲ್ಲ.

ಡಾಕ್ಟರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ಬೈದರು. ಥಿನ್ನರಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಂಡು ಅಮಲೇರಿಸುತ್ತದೆ, ಇನ್ನಷ್ಟು ಹೊತ್ತಾಗಿದ್ದರೆ ಹುಡುಗ ಕೂತಲ್ಲೇ ನಿದ್ದೆ ಹೋಗಿ ಏಳುತ್ತಲೇ ಇರಲಿಲ್ಲ ಎಂದರು. ಹಾಲಿನ ವಾಸನೆಯ ಮಾತಿಗೆ ಅವರು ತಲೆಕೆಡಿಸಿಕೊಳ್ಳಲಿಲ್ಲ. ಆ ಅಮಲಿನಲ್ಲಿ ಇಲ್ಲದ ವಾಸನೆ ಬರುವುದುಂಟಂತೆ. ಇಬ್ಬರಿಗೂ ಒಂದೇ ವಾಸನೆ ಹೇಗೆ ಎಂದು ಕೇಳಿದೆ. ನೀವು ಏಳುವಾಗ ‘ಹಾಲು’ ಅಂತ ಬಾಯಿಬಿಟ್ಟು ಅಂದಿರಬೇಕು, ಅವನ ಕಿವಿಗೆ ಬಿದ್ದಿರಬೇಕು ಎಂದರು.

ಇರಬಹುದು. ಅಂದ ನೆನಪು ನನಗಿಲ್ಲ, ಕೇಳಿದ ನೆನಪು ಅವನಿಗಿಲ್ಲ. ಇಷ್ಟು ವರ್ಷದಲ್ಲಿ ಎಷ್ಟೋ ಸಲ ಹಾಲು ನಿಜವಾಗಿಯೇ ಸೀದಿದೆ. ಪ್ರತಿ ಸಲವೂ ಆ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತೇನೆ. ಏನೂ ಬರುವುದಿಲ್ಲ.

ಆ ರಾತ್ರಿ ರೊಟ್ಟಿ, ಜುಣಕ. ವಸಂತ ಅರ್ಧ ರೊಟ್ಟಿ ಸಾಕೆಂದವನು ಎರಡು ತಿಂದು, ಇನ್ನೂ ಇದೆಯೇ ಎಂದು ಬುಟ್ಟಿಯ ಕಡೆ ನೋಡಿದ. ಅದನ್ನು ನೋಡಿ ನಮ್ಮವರು ಆ ದಿನ ಮೊದಲ ಸಲ ಗೋಡೆಗೆ ಒರಗಿ ಕೂತರು. ಹುಡುಗನ ಮೇಲೆ ಒಂದು ಕಣ್ಣಿಡಿ ಎಂದು ಡಾಕ್ಟರು ಹೇಳಿದ್ದರಿಂದ, ಅವನ ಉಸಿರು ಕೇಳುತ್ತ ಬೆಳಗಿನ ತನಕ ಎಚ್ಚರವಿರುತ್ತೇನೆಂದು ಚಾಪೆ ಹತ್ತಿರವೇ ಹಾಸಿಕೊಂಡೆ. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನೇ. ಅಣ್ಣತಮ್ಮಂದಿರಿಬ್ಬರೂ ದೀಪ ಆರಿಸದೆ ನನ್ನ ಉಸಿರು ಕೇಳುತ್ತ ಕೂತಿದ್ದರಂತೆ.